ಫೀಸು ಕಟ್ಟಿದರೆ ಸಾಲದು

ಬೆಳಗಿನ ಹೊತ್ತು ಮಾರಿಕುಪ್ಪದಿಂದ ಚಾಂಪಿಯನ್, ಉರಗಾಂ, ಕೋರಮಂಡಲ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಗೆ ಬರುವ ರೈಲುಗಾಡಿಯನ್ನು ನೀವು ನೋಡಬೇಕು. ಪುಸ್ತಕದ ಚೀಲವೂ ಬುತ್ತಿಯ ಡಬ್ಬಿಯೂ ಅದರಲ್ಲಿ ಜೊತೆಜೊತೆಯಾಗಿಯೇ ಬರುತ್ತವೆ. ಬೆಂಗಳೂರಿನ ಕಡೆಗೆ ಮುಂದುವರಿಯುವಾಗ ಮಾತ್ರ ಬುತ್ತಿಯದೇ ಮೇಲುಗೈ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಇನ್ನೂ ಬಂದಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಎಷ್ಟೋ ಮನೆಗಳ ಅನ್ನ ನೆಲದಡಿಯಿಂದಲ್ಲ, ರೈಲುಹಳಿಯ ಮೇಲಿಂದ ಬರುತ್ತಿದೆ.

ನನ್ನ ಬಿ.ಎ. ತರಗತಿಯ ಹುಡುಗನೊಬ್ಬ ಹತ್ತು ದಿನ ತಲೆಹಾಕಲಿಲ್ಲ. ಬಂದ ದಿನ ಗದರಿಸಿದೆ. "ಅಕ್ಕನಿಗೆ ಜ್ವರ, ಸಾರ್. ಕೆಲಸ ಕೈಬಿಡಬಾರದೆಂದು ಅವಳ ಬದಲಿಗೆ ನಾನು ಹೋಗಿದ್ದೆ" ಎಂದ. ತಂದೆ ಗಣಿಯಲ್ಲಿ ದುಡಿದವರು, ಈಗ ಉಬ್ಬಸದಿಂದ ಮನೆ ಹಿಡಿದಿದ್ದಾರೆ. ಪಿ.ಯು.ಸಿ.ಯಲ್ಲಿ ತಮ್ಮನಿಗಿಂತ ಹೆಚ್ಚು ಅಂಕ ಪಡೆದಿದ್ದ ಅಕ್ಕ ಓದನ್ನು ಬಿಟ್ಟು ಬೆಂಗಳೂರಿನ ಅಂಗಡಿಯೊಂದಕ್ಕೆ ಸೇರಿದ್ದಾಳೆ.

2008ರ ರೈಲ್ವೆ ಬಜೆಟ್ಟಿನಲ್ಲಿ, ಪದವಿಯವರೆಗೆ ಓದುವ ಹುಡುಗಿಯರಿಗೆ ಮನೆಯಿಂದ ಕಾಲೇಜಿಗೆ ತಿಂಗಳ ಪಾಸು ಉಚಿತವೆಂದು ಸಾರಲಾಯಿತು. ಹುಡುಗರಿಗೆ 12ನೆಯ ತರಗತಿಯವರೆಗೆ ಮಾತ್ರ. ಅಂದರೆ, ಪುಕ್ಕಟೆ ಪಾಸಿಗೆ ಅರ್ಹಳಾಗಬೇಕಾಗಿದ್ದವಳು ಹಣ ತೆತ್ತು ದುಡಿಯಲು ಹೋಗುತ್ತಾಳೆ. ಹಣ ತೆತ್ತು ಬರುವ ತಮ್ಮ ಓದುತ್ತಾನೆ. ಆ ಮನೆಯವರ ಲೆಕ್ಕ ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಪಾಸು ಉಚಿತವಾದರೂ ಸಂಬಳ ಬರುವುದಿಲ್ಲವಷ್ಟೆ. ಬಡವನ ಮಗುವಿಗೆ ಪದವಿಯ ನಿಜವಾದ ಬೆಲೆ ಫೀಸಲ್ಲ. ಆ ಮೂರು ವರ್ಷ ದುಡಿಯದೆ ಬಿಟ್ಟ ಕೂಲಿ.

ನಮ್ಮ ಕಾನೂನು 6ರಿಂದ 14 ವರ್ಷದವರೆಗೆ ಶಿಕ್ಷಣವನ್ನು ಹಕ್ಕೆಂದು ಒಪ್ಪಿದೆ. 2010ರಿಂದ ಅದು ಜಾರಿಯಲ್ಲಿದೆ. ಮಗುವಿನ ತೋಳಿಗೆ ದುಡಿಯುವ ಬಲ ಬರುವ ಹೊತ್ತಿಗೆ ಆ ಕೈಯಾಸರೆ ತಪ್ಪುತ್ತದೆ. ವರ್ಷದ ಕೊನೆಗೆ ಕೈಸೇರುವ ವಿದ್ಯಾರ್ಥಿವೇತನದಿಂದ ಈ ತಿಂಗಳ ಅಕ್ಕಿ ಬರುವುದೆ? ಕೊಡುವುದನ್ನು ತಿಂಗಳ ಮೊದಲಲ್ಲೇ ಕೊಟ್ಟರೆ ಎಷ್ಟೋ ಮನೆಗಳ ಲೆಕ್ಕ ಬದಲಾದೀತು.

ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವಂತೆ ಅಕ್ಕನಿಗೆ ಹೇಳಿ ಕಳುಹಿಸಿದೆ. ಮರುದಿನ ತಮ್ಮ ಉತ್ತರ ತಂದ: "ಗಾಡಿಯಲ್ಲಿ ನಿಲ್ಲಲೇ ಜಾಗವಿಲ್ಲ, ಪುಸ್ತಕ ಎಲ್ಲಿ ಬಿಡಿಸಲಿ, ಎಂದು ಕೇಳಿದಳು ಸಾರ್."

ವಾಚಕರೇ, ಕಾಲೇಜಿನ ಫೀಸೆಷ್ಟೆಂದು ವಿಚಾರಿಸುವ ನಾವು, ಆ ಓದಿಗಾಗಿ ಮನೆಯಲ್ಲಿ ಯಾರು ಓದು ಬಿಟ್ಟರೆಂದೂ ಒಮ್ಮೆ ಕೇಳಬೇಡವೆ?