ಕಾಲಿಗೆ ವಿರಾಮ ಕೊಡಿ, ಕಣ್ಣಿಗಲ್ಲ

ನಿಮ್ಮ ಮನೆಯ ಕಾರಿನ ಸ್ಟೀರಿಂಗ್ ಅನ್ನು ಒಮ್ಮೆ ಸರಿಯಾಗಿ ನೋಡಿ. ಹಾಡಿನ ಸದ್ದು ಜಾಸ್ತಿ ಕಮ್ಮಿ ಮಾಡುವ ಗುಂಡಿ, ಫೋನ್ ಎತ್ತುವ ಗುಂಡಿ ನಿಮಗೆ ಗೊತ್ತು. ಅದರ ಇನ್ನೊಂದು ಬದಿಯಲ್ಲಿ ಸ್ಪೀಡೋಮೀಟರಿನ ಪುಟ್ಟ ಚಿತ್ರ, ಪಕ್ಕದಲ್ಲೇ ‘ಸೆಟ್’, ‘ರೆಸ್’, ‘ಕ್ಯಾನ್ಸಲ್’ ಅಂತ ಬರೆದ ಗುಂಡಿಗಳು ಇವೆಯಾ? ಇದ್ದರೆ, ಕಾರು ತಂದ ದಿನ ಶೋರೂಮಿನ ಹುಡುಗ ಗಡಿಬಿಡಿಯಲ್ಲಿ ಅದೇನೋ ಹೇಳಿರುತ್ತಾನೆ. ನೀವು ತಲೆಯಾಡಿಸಿರುತ್ತೀರಿ. ಆಮೇಲೆ ಅದನ್ನು ಮುಟ್ಟಿಯೇ ಇರೋದಿಲ್ಲ!

‘ಅಯ್ಯೋ ಬಿಡಿ, ನನಗ್ಯಾಕೆ ಅವೆಲ್ಲಾ? ನಾನು ಓಡಿಸೋದೇ ಮಕ್ಕಳ ಸ್ಕೂಲು, ತರಕಾರಿ, ಹೆಚ್ಚೆಂದರೆ ಬೋಗಾದಿವರೆಗೆ...’ ರಾಮಕೃಷ್ಣನಗರ, ಕುವೆಂಪುನಗರ, ದಟ್ಟಗಳ್ಳಿ ಕಡೆಯ ಗೃಹಿಣಿಯರನ್ನು ಕೇಳಿದರೆ ಬಹಳ ಮಂದಿ ಹೇಳುವ ಮಾತು ಇದು. ಊರೊಳಗೆ ಆಂದೋಲನ ಸರ್ಕಲ್ಲಿನ ಸಂಜೆ ಟ್ರಾಫಿಕ್ಕಿನಲ್ಲೂ ಸಲೀಸಾಗಿ ಕಾರು ಓಡಿಸುವವರು ಹೆದ್ದಾರಿ ಅಂದ ಕೂಡಲೇ ಕೀಲಿಕೈಯನ್ನು ಯಜಮಾನರಿಗೋ ಮಗನಿಗೋ ಕೊಟ್ಟು ಪಕ್ಕದ ಸೀಟಿಗೆ ಸರಿದುಬಿಡುತ್ತಾರೆ. ಬೆಂಗಳೂರಿನಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕು, ಅಮ್ಮನನ್ನು ಆಸ್ಪತ್ರೆಗೆ ತೋರಿಸಬೇಕು... ಎಲ್ಲಕ್ಕೂ ಇನ್ನೊಬ್ಬರ ರಜೆ ಸಿಗುವವರೆಗೆ ಕಾಯಬೇಕು. ಮನೆ ಮುಂದೆ ಕಾರಿದೆ, ಪರ್ಸಿನಲ್ಲಿ ಲೈಸೆನ್ಸ್ ಇದೆ. ಇಲ್ಲದ್ದು ಧೈರ್ಯ ಒಂದೇ. ಆ ಧೈರ್ಯ ತಂದುಕೊಳ್ಳಲು ಈ ಸಣ್ಣ ಗುಂಡಿ ಖಂಡಿತ ಸಹಾಯ ಮಾಡುತ್ತದೆ. ಆದರೆ ಅದು ಏನು ಮಾಡುತ್ತೆ, ಏನು ಮಾಡೋಲ್ಲ ಅನ್ನೋದು ಎರಡೂ ಗೊತ್ತಿರಬೇಕು.

ಏನಿದು ಕ್ರೂಸ್ ಕಂಟ್ರೋಲ್?

ಸರಳವಾಗಿ ಹೇಳುವುದಾದರೆ, ನೀವು ಹೇಳಿದ ವೇಗವನ್ನು ಕಾರು ತಾನೇ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ. 80ಕ್ಕೆ ಸೆಟ್ ಮಾಡಿದರೆ ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು 80ರಲ್ಲೇ ಹೋಗುತ್ತದೆ. ಏರು ಬಂದಾಗ ಎಂಜಿನ್ನಿಗೆ ಸ್ವಲ್ಪ ಜಾಸ್ತಿ ಕೊಡುತ್ತದೆ, ಸಮತಟ್ಟಾದಾಗ ಕಮ್ಮಿ ಮಾಡುತ್ತದೆ. ಇಷ್ಟೇ ಅದರ ಕೆಲಸ. ಸ್ಟೀರಿಂಗ್ ತಿರುಗಿಸೋದು ನೀವೇ, ಬ್ರೇಕ್ ಹಾಕೋದೂ ನೀವೇ.

ಇದನ್ನು ಕಂಡುಹಿಡಿದವರ ಕತೆ ಸ್ವಾರಸ್ಯವಾಗಿದೆ. ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಕಾರು ಓಡಿಸುತ್ತಿದ್ದ ಅವರ ವಕೀಲರು ಮಾತಾಡುವಾಗ ನಿಧಾನ, ಕೇಳಿಸಿಕೊಳ್ಳುವಾಗ ಜೋರು... ಹೀಗೆ ಎಳೆದಾಡಿಸುತ್ತಿದ್ದರಂತೆ. ಆ ಎಳೆದಾಟ ತಡೆಯಲಾರದೆ ಟೀಟರ್ ಈ ಉಪಾಯ ಹುಡುಕಿದರು ಅಂತ ಹೇಳುತ್ತಾರೆ. 1950ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಇದು ಬಂತು. ಅಂದರೆ ಪಕ್ಕದ ಸೀಟಿನಲ್ಲಿ ಕೂತು ಕೂತು ಬೇಸತ್ತವರೊಬ್ಬರು ಕಂಡುಹಿಡಿದ ಸಾಧನ ಇದು. ಪಕ್ಕದ ಸೀಟಿನ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ!

ಒಂದು ಕಾಲಕ್ಕೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ಈ ಸೌಲಭ್ಯ ಈಗ ಮಧ್ಯಮ ವರ್ಗದವರು ಕೊಳ್ಳುವ ಸಣ್ಣ ಕಾರುಗಳ ಮೇಲಿನ ಮಾದರಿಗಳಲ್ಲೂ ಬರುತ್ತಿದೆ. ಕೊಟ್ಟ ದುಡ್ಡಿನಲ್ಲಿ ಅದರ ಪಾಲೂ ಸೇರಿದೆ ಅನ್ನೋದನ್ನ ಮರೆಯಬೇಡಿ.

ನಮಗೆ ಯಾಕೆ ಬೇಕು?

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಸುಮಾರು 118 ಕಿ.ಮೀ. ಉದ್ದ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವ ಊರೊಳಗೂ ನುಗ್ಗದೆ ಬೈಪಾಸಿನಲ್ಲೇ ಹೋಗಿಬಿಡಬಹುದು. ಆದರೆ ರಸ್ತೆ ನುಣುಪಾದಷ್ಟೂ ಕಾಲು ಭಾರವಾಗುತ್ತದೆ. ಮೊದಲ ತಿಂಗಳುಗಳಲ್ಲೇ ಸಾಲು ಸಾಲು ಅಪಘಾತಗಳಾದವು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವೀಸ್ ರಸ್ತೆಗೆ ಕಳಿಸಲಾಯಿತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಹಾಕಿ, ಮೇಲಿನಿಂದ ನೋಡುವ ಕ್ಯಾಮೆರಾಗಳನ್ನು ಅಳವಡಿಸಲಾಯಿತು. 2024ರ ಆಗಸ್ಟ್‌ನಿಂದ 130 ದಾಟಿದರೆ ದಂಡ ಮಾತ್ರವಲ್ಲ, ಮೊಕದ್ದಮೆಯನ್ನೇ ಹೂಡುವುದಾಗಿ ರಾಜ್ಯದ ಪೊಲೀಸರು ಪ್ರಕಟಿಸಿದರು.

ಇಂಥ ರಸ್ತೆಯಲ್ಲಿ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕಣ್ಣು ಸ್ಪೀಡೋಮೀಟರಿನ ಮೇಲೆ ಇಟ್ಟು ಒಂದೂವರೆ ಗಂಟೆ ಓಡಿಸೋದು ಸುಲಭವಲ್ಲ. ಗೊತ್ತಿಲ್ಲದೆಯೇ 80 ಹೋಗಿ 110 ಆಗಿರುತ್ತದೆ. ಬಲಗಾಲು ಒಂದೇ ಭಂಗಿಯಲ್ಲಿದ್ದು ಮೀನಖಂಡ ಹಿಡಿದುಕೊಳ್ಳುತ್ತದೆ. ಮಂಡಿನೋವು ಇರುವವರ ಪಾಡಂತೂ ಕೇಳಲೇಬೇಡಿ. ಕ್ರೂಸ್ ಕಂಟ್ರೋಲಿನ ದೊಡ್ಡ ಉಪಕಾರ ಇದೇ: ಮಿತಿ ಮೀರದಂತೆ ಅದು ನೋಡಿಕೊಳ್ಳುತ್ತದೆ, ನಿಮ್ಮ ಎರಡೂ ಕಣ್ಣು ರಸ್ತೆಯ ಮೇಲಿರುತ್ತದೆ.

‘80ರಲ್ಲಿ ಹೋದರೆ ಲೇಟಾಗುತ್ತೆ’ ಅನ್ನುವವರಿಗೆ ಒಂದು ಲೆಕ್ಕ. 118 ಕಿ.ಮೀ. ದಾರಿಯನ್ನು ಒಂದೇ ಸಮ 100ರಲ್ಲಿ ಹೋದರೆ 71 ನಿಮಿಷ, 80ರಲ್ಲಿ ಹೋದರೆ 88 ನಿಮಿಷ ಚಿಲ್ಲರೆ. ವ್ಯತ್ಯಾಸ ಹದಿನೆಂಟು ನಿಮಿಷದೊಳಗೆ. ದಾರಿಯಲ್ಲಿ ಒಂದು ಮದ್ದೂರು ವಡೆ, ಒಂದು ಕಾಫಿ ಅಂತ ನಿಂತರೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ!

ಮೊದಲು ಬಿಡಿಸೋದು ಕಲಿಯಿರಿ

ಕಲಿಸಿಕೊಡುವವರು ಸಾಮಾನ್ಯವಾಗಿ ‘ಸೆಟ್ ಒತ್ತು’ ಅಂತ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗು. ಕಾರು ತಾನಾಗಿಯೇ ಓಡುತ್ತಿದೆ ಅಂದಾಗ ಹೊಸಬರಿಗೆ ಹುಟ್ಟುವ ಭಯ ಒಂದೇ: ‘ನಿಲ್ಲದೇ ಹೋದರೆ?’ ಮಿಕ್ಸಿ ಕೊಂಡಾಗ ನಾವು ಮೊದಲು ನೋಡಿದ್ದು ಆಫ್ ಮಾಡೋದು ಎಲ್ಲಿ ಅಂತ ತಾನೇ? ಇಲ್ಲೂ ಹಾಗೇ ಮಾಡಿ.

ಬಿಡಿಸುವ ದಾರಿ ಮೂರು. ಒಂದು, ಬ್ರೇಕ್ ಪೆಡಲನ್ನು ಮೆತ್ತಗೆ ತಟ್ಟುವುದು. ತಕ್ಷಣ ಕಾರು ನಿಮ್ಮ ಕೈಗೆ, ಅಲ್ಲ, ನಿಮ್ಮ ಕಾಲಿಗೆ ವಾಪಸ್ ಬರುತ್ತದೆ. ಎರಡು, ‘ಕ್ಯಾನ್ಸಲ್’ ಗುಂಡಿ. ಮೂರು, ಇಡೀ ವ್ಯವಸ್ಥೆಯನ್ನೇ ಆಫ್ ಮಾಡುವ ಮುಖ್ಯ ಗುಂಡಿ. ಗೇರ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಒತ್ತಿದರೂ ಬಿಟ್ಟುಹೋಗುತ್ತದೆ. ಮನೆ ಮುಂದೆ ಕಾರು ನಿಂತಿರುವಾಗಲೇ ಕೂತು, ಕಣ್ಣು ಮುಚ್ಚಿಕೊಂಡು, ಈ ಗುಂಡಿಗಳ ಮೇಲೆ ಹೆಬ್ಬೆರಳು ಹೋಗುವಂತೆ ಹತ್ತು ಸಲ ಅಭ್ಯಾಸ ಮಾಡಿ. ಬೀರುವಿನಲ್ಲಿರುವ ಕಾರಿನ ಪುಸ್ತಕ ತೆಗೆದು ಆ ಎರಡು ಪುಟ ಓದಿ. ಒಂದೊಂದು ಕಂಪನಿಯವರು ಗುಂಡಿಗಳನ್ನು ಒಂದೊಂದು ಕಡೆ ಇಟ್ಟಿರುತ್ತಾರೆ.

ಇಷ್ಟಾದ ಮೇಲೆ ಹಾಕೋದು ಸುಲಭ. ಮುಖ್ಯ ಗುಂಡಿ ಒತ್ತಿ, ಬೇಕಾದ ವೇಗ ಬಂದಾಗ ‘ಸೆಟ್’ ಒತ್ತಿ, ಕಾಲು ಸಡಿಲಿಸಿ. ಸಾಮಾನ್ಯವಾಗಿ 30-40 ಕಿ.ಮೀ. ವೇಗದ ಮೇಲೆ ಮಾತ್ರ ಇದು ಕೆಲಸ ಮಾಡುತ್ತದೆ. ಪ್ಲಸ್, ಮೈನಸ್ ಗುರುತಿನಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು, ಇಳಿಸಬಹುದು. ಲಾರಿ ದಾಟಬೇಕಾದರೆ ಎಂದಿನಂತೆ ಆಕ್ಸಿಲರೇಟರ್ ಒತ್ತಿ ದಾಟಿ, ಕಾಲು ತೆಗೆದರೆ ಕಾರು ಹಳೆಯ ವೇಗಕ್ಕೇ ಬರುತ್ತದೆ.

‘ರೆಸ್’ ಗುಂಡಿಯ ಬಗ್ಗೆ ಮಾತ್ರ ಜೋಪಾನ. ಅದು ನೀವು ಮೊದಲು ಇಟ್ಟಿದ್ದ ವೇಗವನ್ನು ನೆನಪಿಟ್ಟುಕೊಂಡಿರುತ್ತದೆ. ಗಣಂಗೂರು ಟೋಲ್ ದಾಟಿ 40ರಲ್ಲಿ ಹೋಗುವಾಗ ಅದನ್ನು ಒತ್ತಿದರೆ ಕಾರು 80 ಮುಟ್ಟಲು ಮುನ್ನುಗ್ಗುತ್ತದೆ. ಹೊಸದರಲ್ಲಿ ಆ ಗುಂಡಿಯ ಸಹವಾಸ ಬೇಡ. ಪ್ರತಿ ಸಲ ವೇಗ ತಂದುಕೊಂಡು ಹೊಸದಾಗಿ ‘ಸೆಟ್’ ಮಾಡಿ.

ಎಲ್ಲಿ, ಯಾವಾಗ ಅಭ್ಯಾಸ?

ರಾಮಕೃಷ್ಣನಗರದ ರಸ್ತೆಗಳಲ್ಲಂತೂ ಬೇಡವೇ ಬೇಡ. ಹಂಪು, ಹಸು, ಟ್ಯೂಷನ್ನಿಗೆ ಹೋಗುವ ಸೈಕಲ್ ಮಕ್ಕಳು. ರಿಂಗ್ ರಸ್ತೆ ಅಗಲವಾಗಿದೆ ನಿಜ, ಆದರೆ ಸಿಗ್ನಲ್ಲು, ಜಂಕ್ಷನ್ನು ಜಾಸ್ತಿ. ನಂಜನಗೂಡು, ಹುಣಸೂರು ರಸ್ತೆಗಳಲ್ಲಿ ಯಾವಾಗ ಯಾರು ಅಡ್ಡ ಬರುತ್ತಾರೋ ಹೇಳಲಾಗದು. ಚಾಮುಂಡಿ ಬೆಟ್ಟ, ಬಂಡೀಪುರದ ಕಾಡುದಾರಿ ಕೇಳಲೇಬೇಡಿ.

ವಾರದ ಮಧ್ಯೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಹತ್ತು ಗಂಟೆ ಸುಮಾರಿಗೆ ಹೊರಡಿ. ಹೆದ್ದಾರಿ ಗೊತ್ತಿರುವ ಗೆಳತಿಯೊಬ್ಬರು ಪಕ್ಕದಲ್ಲಿರಲಿ. ಶ್ರೀರಂಗಪಟ್ಟಣ ದಾಟಿ, ದಾರಿ ಖಾಲಿ ಕಂಡಾಗ ಮಧ್ಯದ ಲೇನಿನಲ್ಲಿ 70ಕ್ಕೆ ಸೆಟ್ ಮಾಡಿ. ಎರಡು ನಿಮಿಷ ಬಿಟ್ಟು ಬ್ರೇಕ್ ತಟ್ಟಿ ಬಿಡಿಸಿ. ಮತ್ತೆ ಹಾಕಿ, ಈ ಸಲ ಗುಂಡಿ ಒತ್ತಿ ಬಿಡಿಸಿ. ಮಂಡ್ಯ ಬರುವಷ್ಟರಲ್ಲಿ ಎಂಟು ಹತ್ತು ಸಲ ಮಾಡಿದರೆ ಸಾಕು, ಅಲ್ಲಿಂದ ವಾಪಸ್ ಬನ್ನಿ. ಇಂಥ ಎರಡು ಮೂರು ಸುತ್ತಾದ ಮೇಲೆ ಬೆಂಗಳೂರಿನ ಮಾತು.

ಇದು ಹಾಲು ಕಾಯಿಸಿದ ಹಾಗೆ

ಕ್ರೂಸ್ ಕಂಟ್ರೋಲ್ ಅಂದರೆ ಕುಕ್ಕರ್ ಇಟ್ಟು ವಿಷಲ್ ಬರಲಿ ಅಂತ ಬೇರೆ ಕೆಲಸಕ್ಕೆ ಹೋಗೋದಲ್ಲ, ಹಾಲು ಕಾಯಿಸೋದು. ಉರಿ ಒಂದೇ ಸಮ ಇದೆ ನಿಜ, ಆದರೆ ಕಣ್ಣು ಅಲ್ಲೇ ಇರಬೇಕು. ಮುಂದಿನ ಲಾರಿ ನಿಧಾನವಾದರೆ ಸಾಧಾರಣ ಕ್ರೂಸ್ ಕಂಟ್ರೋಲಿಗೆ ಅದು ಗೊತ್ತೇ ಆಗೋಲ್ಲ. ರಡಾರ್ ಇರುವ ‘ಅಡಾಪ್ಟಿವ್’ ಮಾದರಿ ತಾನೇ ವೇಗ ಇಳಿಸುತ್ತದೆ, ಆದರೆ ಅದು ಕೆಲವು ಕಾರುಗಳಲ್ಲಿ ಮಾತ್ರ ಇರುತ್ತದೆ. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಗೆಳತಿಯ ಕಾರಿನಲ್ಲಿ ನೋಡಿದ್ದನ್ನು ನಿಮ್ಮ ಕಾರಿನಿಂದ ನಿರೀಕ್ಷಿಸಿದರೆ ಅಪಾಯ!

80ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಹಾಗಾಗಿ ಮುಂದಿನ ವಾಹನ ದಾಟಿದ ಕಂಬವನ್ನು ನೀವು ದಾಟುವಾಗ ಕನಿಷ್ಠ ಮೂರು ಸೆಕೆಂಡ್ ಅಂತರವಿರಲಿ. ಬಲಗಾಲು ಬ್ರೇಕಿನ ಪಕ್ಕದಲ್ಲೇ ಇರಲಿ. ಕಾಲಿಗೆ ಕೆಲಸವಿಲ್ಲ ಅಂತ ಮಡಚಿ ಸೀಟಿನ ಮೇಲೆ ಇಟ್ಟುಕೊಳ್ಳುವವರಿದ್ದಾರೆ, ಅದು ಪ್ರಾಣಕ್ಕೇ ಕುತ್ತು. ಸೀರೆಯ ನೆರಿಗೆ ಪೆಡಲಿಗೆ ಸಿಗದಂತೆ ಎತ್ತಿ ಸಿಕ್ಕಿಸಿ. ಜಾರುವ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದನ್ನು ಹಾಕಿಕೊಳ್ಳಿ.

ಮಳೆಯಲ್ಲಿ ಇದನ್ನು ಬಳಸಲೇಬಾರದು. ನಿಂತ ನೀರಿನ ಮೇಲೆ ಟೈರು ಹಿಡಿತ ತಪ್ಪುತ್ತಿರುವಾಗಲೂ ಕಾರು ವೇಗ ಕಾಯ್ದುಕೊಳ್ಳಲು ನೋಡುತ್ತದೆ. ನಿದ್ದೆ ಬರುತ್ತಿದ್ದರಂತೂ ಗುಂಡಿ ಮುಟ್ಟಬೇಡಿ. ಕಾಲು ಸುಮ್ಮನಾದರೆ ತೂಕಡಿಕೆ ಇನ್ನೂ ಬೇಗ ಬರುತ್ತದೆ. ಮಧ್ಯಾಹ್ನದ ಊಟ ಮಾಡಿ ಹೊರಟವರಿಗೆ ಇದು ವಿಶೇಷವಾಗಿ ಹೇಳಿದ ಮಾತು.

ಪಕ್ಕದ ಸೀಟಿನವರಿಗೂ ಒಂದು ಮಾತು

‘ಅದನ್ನೆಲ್ಲಾ ಮುಟ್ಟಬೇಡ, ಸುಮ್ಮನೆ ಓಡ್ಸು’ ಅನ್ನುವ ಯಜಮಾನರಿದ್ದಾರೆ. ಅವರ ಆತಂಕವೂ ಸುಳ್ಳಲ್ಲ, ಹೆಂಡತಿ ಮಕ್ಕಳು ಕ್ಷೇಮವಾಗಿರಲಿ ಅಂತಲೇ ಹೇಳುತ್ತಾರೆ. ಆದರೆ ಗೊತ್ತಿಲ್ಲದ ಗುಂಡಿಗಿಂತ ಗೊತ್ತಿರುವ ಗುಂಡಿ ಯಾವತ್ತೂ ಕ್ಷೇಮ. ಕೈ ತಗುಲಿ ಆಕಸ್ಮಿಕವಾಗಿ ‘ಸೆಟ್’ ಆದರೆ ಏನು ಮಾಡಬೇಕು ಅನ್ನೋದಾದರೂ ಓಡಿಸುವವರಿಗೆ ತಿಳಿದಿರಬೇಡವೇ? ಹೆದರಿಸುವ ಬದಲು ಒಂದು ಬೆಳಗ್ಗೆ ಪಕ್ಕದಲ್ಲಿ ಕೂತು ಹೇಳಿಕೊಡಿ. ನೀವು ಹೇಳಿಕೊಡದಿದ್ದರೆ ಕಾರಿನ ಪುಸ್ತಕ ಇದ್ದೇ ಇದೆ.

ಹಾಗಂತ ಕ್ರೂಸ್ ಕಂಟ್ರೋಲ್ ಬಳಸಿದರೆ ಮಾತ್ರ ಜಾಣೆ ಅಂತಲ್ಲ. ನಾಲ್ಕು ಸಲ ಪ್ರಯತ್ನಿಸಿಯೂ ಮನಸ್ಸಿಗೆ ಹಿಡಿಸದಿದ್ದರೆ ಬಿಟ್ಟುಬಿಡಿ, ಕಾಲಿನಿಂದಲೇ ಓಡಿಸಿ. ಆದರೆ ‘ಬೇಡ’ ಅನ್ನೋದು ತಿಳಿದು ಮಾಡಿದ ತೀರ್ಮಾನವಾಗಿರಲಿ, ಹೆದರಿ ಹಿಂದೆ ಸರಿದದ್ದಲ್ಲ. ಮುಂದಿನ ಸಲ ಮಗಳು ‘ಅಮ್ಮಾ, ಯಾವಾಗ ಬರ್ತೀಯ?’ ಅಂತ ಕೇಳಿದಾಗ ‘ಅಪ್ಪಂಗೆ ರಜಾ ಸಿಗಲಿ’ ಅನ್ನದೆ, ‘ನಾಳೆ ತಿಂಡಿ ಮುಗಿಸಿಕೊಂಡು ಹೊರಡ್ತೀನಿ’ ಅನ್ನುವಂತಾಗಲಿ.

ನೆನಪಿಡಿ

* ಹಾಕುವುದಕ್ಕಿಂತ ಮೊದಲು ಬಿಡಿಸುವುದನ್ನು ಕಲಿಯಿರಿ.
* ಊರೊಳಗೆ, ಮಳೆಯಲ್ಲಿ, ಘಾಟಿಯಲ್ಲಿ, ವಾಹನ ದಟ್ಟಣೆಯಲ್ಲಿ, ನಿದ್ದೆ ಬಂದಾಗ ಬೇಡ.
* ಇಳಿಜಾರಿನಲ್ಲಿ ಕಾರು ಸೆಟ್ ಮಾಡಿದ್ದಕ್ಕಿಂತ ಜೋರಾಗಬಹುದು, ಬ್ರೇಕ್ ಹಾಕಲು ಸಿದ್ಧವಾಗಿರಿ.
* ಟೋಲ್, ಎಕ್ಸಿಟ್ ಬೋರ್ಡ್ ಕಂಡ ಕೂಡಲೇ ಬಿಡಿಸಿ.
* ಬಲಗಾಲು ಬ್ರೇಕಿನ ಪಕ್ಕ, ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆಯ ಮೇಲೆ.
* ಸೀಟ್ ಬೆಲ್ಟ್ ಎಲ್ಲರಿಗೂ, ಹಿಂದೆ ಕೂತವರಿಗೂ.