ಮನೆಯ ಕಚೇರಿ: ಹಸಿರಿನ ಲೆಕ್ಕ ಯಾರದು?

ಪರಿಸರಸ್ನೇಹಿ ಹೋಮ್ ಆಫೀಸ್ ಎಂದೊಡನೆ ಬಿದಿರಿನ ಕೀಬೋರ್ಡು, ಮರುಬಳಕೆಯ ಪ್ಲಾಸ್ಟಿಕ್ಕಿನ ಕುರ್ಚಿ, ಮೇಜಿನ ಮೇಲೊಂದು ಮನಿ ಪ್ಲಾಂಟ್ ಕಣ್ಣ ಮುಂದೆ ಬರುವಂತಾಗಿದೆ. 2020ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಊಟದ ಮೇಜನ್ನೇ ಕಚೇರಿ ಮಾಡಿಕೊಂಡವರಲ್ಲಿ ಅನೇಕರು ಈಗ ವಾರದಲ್ಲಿ ಕೆಲವು ದಿನ ಮನೆಯಿಂದ ದುಡಿಯುವುದಕ್ಕೆ ಒಗ್ಗಿಕೊಂಡು, ಅದಕ್ಕೆಂದೇ ಒಂದು ಕೋಣೆ ಬಿಟ್ಟಿದ್ದಾರೆ. ಆ ಕೋಣೆ ಹಸಿರಾಗಲಿ ಎಂಬ ಕಾಳಜಿ ಒಳ್ಳೆಯದೇ. ಆದರೆ ಅದು ಅಂಗಡಿಯಿಂದ ಶುರುವಾದರೆ ದಾರಿ ತಪ್ಪುತ್ತದೆ. ಮೊದಲು ನೋಡಬೇಕಾದದ್ದು ಕರೆಂಟ್ ಮೀಟರನ್ನು.

ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಕೆಲಸವೆಂದು ಹಿಡಿಯೋಣ. ಸರಾಸರಿ 40 ವಾಟ್‌ನ ಲ್ಯಾಪ್‌ಟಾಪಿಗೆ ವರ್ಷಕ್ಕೆ ಬೇಕಾಗುವುದು 80 ಯೂನಿಟ್. 75 ವಾಟ್‌ನ ಹಳೆಯ ಸೀಲಿಂಗ್ ಫ್ಯಾನು ಅಷ್ಟೇ ಹೊತ್ತು ತಿರುಗಿದರೆ 150 ಯೂನಿಟ್ ಎಳೆಯುತ್ತದೆ, 30 ವಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ 60 ಸಾಕು. ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸುಮಾರು ಒಂದು ಯೂನಿಟ್ ಬೇಡುತ್ತದೆ. ಬೇಸಿಗೆಯ 60 ದಿನ ಅದು ಓಡಿದರೆ 480 ಯೂನಿಟ್, ಅಂದರೆ ಲ್ಯಾಪ್‌ಟಾಪಿನ ಆರು ವರ್ಷದ ಖರ್ಚು. ಹಾಗಾಗಿ ಎ.ಸಿ.ಯ ಅಗತ್ಯವೇ ಬೀಳದಂಥ ಕೋಣೆಯನ್ನು ಆರಿಸಿಕೊಳ್ಳುವುದು ಉಳಿದೆಲ್ಲಕ್ಕಿಂತ ದೊಡ್ಡ ಉಳಿತಾಯ.

ಏಪ್ರಿಲ್ ತಿಂಗಳಲ್ಲಿ ಸಂಜೆ ಐದರ ಹೊತ್ತಿಗೆ ಪಶ್ಚಿಮದ ಗೋಡೆಯ ಒಳಬದಿಗೆ ಅಂಗೈ ಇಟ್ಟು ನೋಡಿ. ಮಧ್ಯಾಹ್ನವಿಡೀ ಕುಡಿದ ಬಿಸಿಲನ್ನು ಇಟ್ಟಿಗೆ ಆಗಷ್ಟೇ ಒಳಕ್ಕೆ ಬಿಡತೊಡಗಿರುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಮೇಲ್ಮಹಡಿಯ ಕೋಣೆಯದೂ ಇದೇ ಪಾಡು. ಖಾಲಿ ಇದೆಯೆಂಬ ಕಾರಣಕ್ಕೆ ನಾವು ಕಚೇರಿ ಮಾಡಿಕೊಳ್ಳುವುದು ಹೆಚ್ಚಾಗಿ ಇಂಥ ಕೋಣೆಯನ್ನೇ. ಉತ್ತರದ ಕಿಟಕಿಯ ಪಕ್ಕ ಮೇಜು ಹಾಕಿದರೆ ವರ್ಷದ ಬಹುಪಾಲು ದಿನ ಕಣ್ಣು ಕುಕ್ಕದ, ಒಂದೇ ಹದದ ಬೆಳಕು ಸಿಗುತ್ತದೆ. ಹಗಲು ದೀಪ ಬೇಕಿಲ್ಲ. ಪಶ್ಚಿಮದ ಕೋಣೆಯೇ ಗತಿಯಾದರೆ ಬಿದಿರಿನ ಪರದೆಯನ್ನು ಕಿಟಕಿಯ ಹೊರಗೆ ಇಳಿಬಿಡಬೇಕು. ಒಳಗಿನ ಪರದೆಯನ್ನು ಮುಟ್ಟುವಷ್ಟರಲ್ಲಿ ಬಿಸಿಲು ಗಾಜು ದಾಟಿ ಬಂದಿರುತ್ತದೆ.

ಲ್ಯಾಪ್‌ಟಾಪಿನ ಕಥೆ ಬೇರೆ. ಅದರ ಭಾರ ಕರೆಂಟಿಗಿಂತ ತಯಾರಿಕೆಯಲ್ಲೇ ಹೆಚ್ಚು. ಒಂದು ಸಾಮಾನ್ಯ ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಬೀಳುವ ಮೊದಲೇ ಅದರ ಹೆಸರಿಗೆ ಸುಮಾರು 200ರಿಂದ 300 ಕಿಲೋ ಇಂಗಾಲದ ಡೈಆಕ್ಸೈಡ್ ಜಮೆಯಾಗಿರುತ್ತದೆ. ನಮ್ಮ ಗ್ರಿಡ್‌ನ ಪ್ರತಿ ಯೂನಿಟ್‌ಗೆ ಸುಮಾರು 0.7 ಕಿಲೋ ಎಂದರೂ, ಲ್ಯಾಪ್‌ಟಾಪನ್ನು ವರ್ಷವಿಡೀ ಬಳಸಿದ್ದಕ್ಕೆ 56 ಕಿಲೋ. ಅಂದಮೇಲೆ ಹೊಸ ‘ಹಸಿರು’ ಮಾದರಿ ಕೊಳ್ಳುವುದಕ್ಕಿಂತ ಇರುವುದನ್ನು ಇನ್ನೆರಡು ವರ್ಷ ದುಡಿಸುವುದೇ ಮೇಲು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಈ ಕೆಲಸ ದಿನವೂ ನಡೆಯುತ್ತದೆ. ಹಿಂಬದಿಯ ಸ್ಕ್ರೂ ಬಿಚ್ಚಿ, ಫ್ಯಾನಿನಲ್ಲಿ ಹತ್ತಿಯಂತೆ ಕಟ್ಟಿದ ಧೂಳು ತೆಗೆದು, ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿದರೆ ತೆವಳುತ್ತಿದ್ದ ಯಂತ್ರ ಎದ್ದು ಓಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ, ಚೆನ್ನಾಗಿಯೇ ಇದ್ದ ಎಷ್ಟೋ ಯಂತ್ರಗಳು ಕಾಗದದ ಮೇಲೆ ಹಳತಾದವು. ಲಿನಕ್ಸ್ ಹಾಕಿದರೆ ಮನೆಯ ಕೆಲಸಕ್ಕೆ, ಮಕ್ಕಳ ಓದಿಗೆ ಅವು ಈಗಲೂ ಸಾಕು.

ಓಡಾಟ ತಪ್ಪಿದ್ದರಿಂದ ಆಗುವ ಲಾಭ ಎಲ್ಲರಿಗೂ ಒಂದೇ ಅಲ್ಲ. ದಿನಕ್ಕೆ 30 ಕಿಲೋಮೀಟರ್ ಒಬ್ಬರೇ ಪೆಟ್ರೋಲ್ ಕಾರು ಓಡಿಸುತ್ತಿದ್ದವರು ಮನೆಯಲ್ಲಿ ಕುಳಿತರೆ ದಿನಕ್ಕೆ ನಾಲ್ಕೂವರೆ ಕಿಲೋದಷ್ಟು ಇಂಗಾಲ ಉಳಿಯುತ್ತದೆ. ಬಿಎಂಟಿಸಿ, ಮೆಟ್ರೊ ಹಿಡಿಯುತ್ತಿದ್ದವರು ಮನೆಯಲ್ಲಿ ಇಡೀ ದಿನ ಎ.ಸಿ. ಹಾಕಿಕೊಂಡರೆ ಲೆಕ್ಕ ತಿರುಗುಮುರುಗಾಗುವುದೂ ಉಂಟು.

ಇಷ್ಟೂ ಹೊಣೆಯನ್ನು ನೌಕರರ ತಲೆಗೇ ಕಟ್ಟುವುದನ್ನು ನಾನು ಒಪ್ಪಲಾರೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ರಿಂದ ಸುಸ್ಥಿರತೆಯ ವರದಿ ಕೊಡುವುದನ್ನು ಸೆಬಿ ಕಡ್ಡಾಯ ಮಾಡಿದೆ. ಕಚೇರಿ ಕಟ್ಟಡದ ವಿದ್ಯುತ್ತಿನಿಂದಾಗುವ ಹೊರಸೂಸುವಿಕೆ ಅದರಲ್ಲಿ ‘ಸ್ಕೋಪ್ 2’, ಹೇಳಲೇಬೇಕು. ಅದೇ ಕೆಲಸ ನೌಕರರ ಮನೆಗೆ ಹೋದರೆ ಅದು ‘ಸ್ಕೋಪ್ 3’ಕ್ಕೆ ಸರಿಯುತ್ತದೆ, ಇಷ್ಟವಿದ್ದರೆ ಹೇಳಬಹುದು. ಕಟ್ಟಡದ ಎರಡು ಮಹಡಿ ಬಿಟ್ಟುಕೊಟ್ಟ ಕಂಪನಿಯ ವರದಿಯಲ್ಲಿ ಇಂಗಾಲ ಇಳಿದಂತೆ ಕಾಣುತ್ತದೆ. ನಿಜದಲ್ಲಿ ಅದು ನೂರಾರು ಮನೆಗಳ ಮೀಟರಿಗೆ ಹಂಚಿಹೋಗಿರುತ್ತದೆ. ತಿಂಗಳಿಗೆ 20 ದಿನ ಎ.ಸಿ. ಓಡಿದರೆ ಅದೊಂದೇ 160 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮನೆಯೊಂದು 200 ಯೂನಿಟ್‌ನ ಗೆರೆ ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ಮನೆಯವರೇ ಕಟ್ಟಬೇಕು. ಕರೆಂಟ್ ಕೈಕೊಡುವ ಮಲೆನಾಡಿನ ಊರುಗಳಿಂದ ದುಡಿಯುವವರಿಗೆ ಇದರ ಮೇಲೆ ಇನ್ವರ್ಟರಿನ ನಷ್ಟ, ಕೆಲವೇ ವರ್ಷಕ್ಕೆ ಬದಲಿಸಬೇಕಾದ ಸೀಸದ ಬ್ಯಾಟರಿಯ ಖರ್ಚು.

ಲೆಕ್ಕ ಹಾಕುವ ವಿಧಾನ ಇಲ್ಲವೆಂದಲ್ಲ. ಜಾಗತಿಕವಾಗಿ ಬಳಕೆಯಲ್ಲಿರುವ ಜಿಎಚ್‌ಜಿ ಪ್ರೋಟೊಕಾಲ್, ಮನೆಯಿಂದ ಮಾಡುವ ಕೆಲಸದ ಹೊರಸೂಸುವಿಕೆಯನ್ನು ನೌಕರರ ಪ್ರಯಾಣದ ಬಾಬ್ತಿನಲ್ಲಿ ಸೇರಿಸಲು ಅವಕಾಶ ಕೊಟ್ಟಿದೆ. ಸೆಬಿ ಈ ಬಾಬ್ತನ್ನು ಕಡ್ಡಾಯದ ಪಟ್ಟಿಗೆ ತರಬೇಕು. ಹಳೆಯ ಲ್ಯಾಪ್‌ಟಾಪುಗಳನ್ನು ಒಡೆಯಲು ಕಳಿಸುವ ಮೊದಲು ನೋಂದಾಯಿತ ದುರಸ್ತಿದಾರರಿಗೆ ಕೊಡುವ ದಾರಿ 2022ರ ಇ–ತ್ಯಾಜ್ಯ ನಿಯಮಗಳಲ್ಲೇ ಇದೆ. ಕಂಪನಿಗಳು ಮೊದಲು ಅದನ್ನೇ ಹಿಡಿಯಲಿ. ಸ್ವಂತ ತಾರಸಿ ಇರುವವರಿಗೆ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್‌ನ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಕಚೇರಿ ಬಾಡಿಗೆಯಲ್ಲಿ ಉಳಿಸಿದ ಹಣದಿಂದ ಮಿಕ್ಕ ವೆಚ್ಚದ ಒಂದು ಪಾಲನ್ನು ಕಂಪನಿ ಭರಿಸಿದರೆ, ತಾನು ಮನೆಗೆ ದಾಟಿಸಿದ ಯೂನಿಟ್‌ಗಳನ್ನು ಅದೇ ಮನೆಯ ತಾರಸಿಯ ಮೇಲೆ ತೀರಿಸಿದಂತಾಗುತ್ತದೆ.