ಮೊದಲು ಮಾತಾಡಿದವನದೇ ರೋಬೋಟು

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿಕೊಂಡು ಬೆಳೆದವರಿಗೆ ಒಂದು ಪ್ರಶ್ನೆ. ಕೈಗಡಿಯಾರವನ್ನು ಬಾಯಿಯ ಹತ್ತಿರ ಹಿಡಿದು 'ಜಯಂಟ್ ರೋಬೋಟ್' ಎಂದು ಒಮ್ಮೆಯಾದರೂ ಕರೆದಿದ್ದೀರಾ? ಇಲ್ಲ ಅನ್ನುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಟಿವಿ ಇಲ್ಲದವರೂ ಕರೆದದ್ದುಂಟು, ಪಕ್ಕದ ಮನೆಯ ಕಿಟಕಿ ಇನ್ಯಾತಕ್ಕಿದೆ? ವಾಚು ಇಲ್ಲದವರಂತೂ ಬಾಲ್ ಪೆನ್ನಿನಲ್ಲಿ ಮಣಿಕಟ್ಟಿನ ಮೇಲೆ ವಾಚು ಬರೆದುಕೊಂಡು ಅದಕ್ಕೇ ಆಜ್ಞೆ ಕೊಡುತ್ತಿದ್ದರು. ಸ್ನಾನ ಮಾಡಿದ ದಿನ ರೋಬೋಟು ಸಂಪರ್ಕಕ್ಕೆ ಸಿಗುತ್ತಿರಲಿಲ್ಲ, ಅಷ್ಟೇ.

ಆ ಧಾರಾವಾಹಿಯ ಮೊದಲ ಕಂತನ್ನು ನಾವು ಮೂವರು ಗೆಳೆಯರು ಈಚೆಗೆ ಮತ್ತೆ ನೋಡಿದೆವು. ನಮ್ಮಲ್ಲಿ ಇಬ್ಬರು ಕೆಜಿಎಫ್‌ನ ಲೈನು ಮನೆಗಳಲ್ಲಿ ಬೆಳೆದವರು, ಒಬ್ಬ ಬಂಗಾರಪೇಟೆಯವನು. ಗಣಿಯಲ್ಲಿ ದುಡಿದು ವಯಸ್ಸಾದ ಮಾಮ ಒಬ್ಬರೂ ಜೊತೆಗೆ ಕೂತಿದ್ದರು. ಅರ್ಧ ಗಂಟೆಯೂ ಇಲ್ಲದ ಕಂತು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ನಿಲ್ಲಿಸಿ ನಿಲ್ಲಿಸಿ ನಕ್ಕಿದ್ದು ಒಂದು ಕಾರಣ. ನಗು ನಿಂತ ಮೇಲೆ ಶುರುವಾದ ಮಾತು ಇನ್ನೊಂದು ಕಾರಣ, ಈ ಬರಹವೂ ಅದಕ್ಕೇ.

ಮೊದಲು ಒಂದು ತಕರಾರು ಬಗೆಹರಿಸಿಬಿಡೋಣ. ಇದು ಕಾರ್ಟೂನೇ ಅಲ್ಲ, ಮನುಷ್ಯರು ನಟಿಸಿದ ಧಾರಾವಾಹಿ ಎಂದು ಜಾಣರು ಹೇಳುತ್ತಾರೆ. ಒಪ್ಪಿದೆವು. ಆದರೆ ನಮ್ಮ ಕಡೆ ಮಕ್ಕಳು ಬಾಯಿ ತೆರೆದುಕೊಂಡು ನೋಡುವ ಎಲ್ಲವೂ ಕಾರ್ಟೂನೇ. ಮಿತ್ಸುತೇರು ಯೊಕೊಯಾಮ ಎಂಬ ಚಿತ್ರಕಾರನ ಮಾಂಗಾ ಕತೆಯನ್ನು ಇಟ್ಟುಕೊಂಡು ಜಪಾನಿನ ತೋಯೆ ಸ್ಟುಡಿಯೋದವರು ಇದನ್ನು ತೆಗೆದರು. 1967ರ ಅಕ್ಟೋಬರ್‌ನಿಂದ 1968ರ ಏಪ್ರಿಲ್‌ವರೆಗೆ ಅಲ್ಲಿ ಪ್ರಸಾರವಾಯಿತು, ಒಟ್ಟು 26 ಕಂತು. ಅಮೆರಿಕದವರು ಇಂಗ್ಲಿಷಿಗೆ ಡಬ್ ಮಾಡಿ, ದೈಸಾಕು ಎಂಬ ಹುಡುಗನಿಗೆ ಜಾನಿ ಸೊಕೊ ಎಂದು ಹೆಸರಿಟ್ಟರು. ಅದೇ ನಮ್ಮ ದೂರದರ್ಶನಕ್ಕೂ ಬಂತು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬಂಗಾರಪೇಟೆ ಸಂತೆಯಲ್ಲಿ ತೆಲುಗು ಆಡುತ್ತಿದ್ದ ನಮಗೆ ಅದರ ಇಂಗ್ಲಿಷು ಒಂದಕ್ಷರ ತಿಳಿಯುತ್ತಿರಲಿಲ್ಲ. ತುಟಿ ಅಲ್ಲಾಡುವುದು ನಿಂತ ಮೇಲೂ ಮಾತು ಮುಂದುವರಿಯುತ್ತಿತ್ತು. ಇಂಗ್ಲಿಷ್ ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದೆವು.

ಕತೆ ಹೀಗಿದೆ. ಗಾರ್ಗಾಯ್ಲ್ ಎಂಬ ದುಷ್ಟಕೂಟದ ಒಡೆಯ ಚಕ್ರವರ್ತಿ ಗಿಲೊಟಿನ್ ಬೇರೆ ಗ್ರಹದಿಂದ ಬಂದು ಭೂಮಿಯನ್ನು ಗೆಲ್ಲಲು ಹೊರಡುತ್ತಾನೆ. ಆಕ್ಟೋಪಸ್ಸಿನಂಥ ಮುಖ, ಕೈಯಲ್ಲಿ ಕೋಲು. ಅಷ್ಟು ದೂರದಿಂದ ಬಂದವನು ಹೋಗಿ ಸಮುದ್ರದ ತಳದಲ್ಲಿ ನೌಕೆ ನಿಲ್ಲಿಸಿಕೊಂಡು ಕೂತುಬಿಡುತ್ತಾನೆ. ಕೆಲಸವೆಲ್ಲ ಕೈಕೆಳಗಿನವರದು. ಭೂಮಿ ಗೆಲ್ಲಬೇಕಾದವನು ಹೀಗೆ ಅಡಗಿ ಕೂರುವುದೇಕೆ ಎಂದು ನಾವು ಕೇಳಿದರೆ ಮಾಮ ಟಿವಿಯಿಂದ ಕಣ್ಣು ತೆಗೆಯದೆ ಅಂದರು: "ದೊಡ್ಡ ಸಾಹೇಬ್ರು ಯಾವತ್ತಪ್ಪಾ ಕೆಳಗಿಳಿದು ಬಂದಿದ್ದು?"

ಈ ಕಡೆ ಒಂದು ಹಡಗು. ಅದರಲ್ಲಿ ಜಾನಿ ಎಂಬ ಪುಟ್ಟ ಹುಡುಗ ಮತ್ತು ಜೆರ್ರಿ ಎಂಬ ತರುಣ. ಡ್ರಾಕೊಲಾನ್ ಎಂಬ ಕಡಲ ರಾಕ್ಷಸ ಬಂದು ಹಡಗನ್ನು ಮುಳುಗಿಸುತ್ತದೆ. ರಬ್ಬರ್ ಅಂಗಿಯೊಳಗೆ ಬೆವರುತ್ತಿರುವ ಕಲಾವಿದನ ಕಷ್ಟ ಈಗ ನಮಗೆ ಅರ್ಥವಾಗುತ್ತದೆ. ಆಗ ಅರ್ಥವಾಗಿದ್ದರೆ ಅಷ್ಟು ದಿನ ಹಾಸಿಗೆ ಒದ್ದೆಯಾಗುತ್ತಿರಲಿಲ್ಲ. ಇಬ್ಬರೂ ಒಂದು ದ್ವೀಪ ಸೇರುತ್ತಾರೆ. ಅಲ್ಲಿ ಜೆರ್ರಿ, ತಾನು ಯೂನಿಕಾರ್ನ್ ಎಂಬ ಪರಮ ರಹಸ್ಯ ಸಂಸ್ಥೆಯ ಏಜೆಂಟ್ ಯು-3 ಎಂದು ಈಗಷ್ಟೇ ಪರಿಚಯವಾದ ಹುಡುಗನಿಗೆ ಹೇಳಿಬಿಡುತ್ತಾನೆ. ಮಾರಿಕುಪ್ಪಂ ರೈಲಿನಲ್ಲಿ ಸೀಟು ಸಿಕ್ಕ ಖುಷಿಗೆ ಪಕ್ಕದವನಿಗೆ ಮನೆ ಸಾಲ, ಮಗಳ ಸಂಬಂಧ ಎಲ್ಲ ಹೇಳಿಕೊಳ್ಳುತ್ತಾರಲ್ಲ, ಹಾಗೆ. ಇಂಥವರನ್ನು ನಂಬಿಕೊಂಡು ಭೂಮಿ ಉಳಿಯಿತು ಅಂದರೆ ಅದು ಭೂಮಿಯ ಪುಣ್ಯ.

ಗಾರ್ಗಾಯ್ಲ್ ಪಡೆ ಇಬ್ಬರನ್ನೂ ಹಿಡಿಯುತ್ತದೆ. ಇವರ ಬಂದೂಕುಗಳ ವಿಶೇಷವೆಂದರೆ ನಾಯಕನೊಬ್ಬನನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಗುರಿ ತಾಗುತ್ತದೆ. ಆ ನೆಲೆಯಲ್ಲಿ ಲೂಷಿಯಸ್ ಗಾರ್ಡಿಯನ್ ಎಂಬ ವಿಜ್ಞಾನಿ ಸೆರೆಯಾಳು. ಅವನಿಂದ ಬಲವಂತವಾಗಿ ದೈತ್ಯ ರೋಬೋಟು ಕಟ್ಟಿಸುತ್ತಿದ್ದಾರೆ. ರೋಬೋಟನ್ನು ನಡೆಸುವ ಯಂತ್ರ ಒಂದು ವಾಚಿನೊಳಗಿದೆ. ವಿಜ್ಞಾನಿ ಅದನ್ನು ಈ ಇಬ್ಬರ ಕೈಗೆ ಕೊಡುತ್ತಾನೆ. ಮಕ್ಕಳ ಕೈಗೆ ಹೊಸ ಸಾಮಾನು ಸಿಕ್ಕರೆ ಇನ್ನೇನಾಗುತ್ತದೆ? ಜಾನಿ ಅದಕ್ಕೆ ಬಾಯಿ ಹಚ್ಚಿ ಮಾತಾಡುತ್ತಾನೆ. ಮೊದಲು ದಾಖಲಾದದ್ದು ಅವನ ದನಿ, ಆದ್ದರಿಂದ ರೋಬೋಟು ಇನ್ನು ಅವನೊಬ್ಬನ ಮಾತನ್ನೇ ಕೇಳುತ್ತದೆ. ಪಾಸ್‌ವರ್ಡ್ ಬದಲಿಸುವ ಸೌಲಭ್ಯ ಇಲ್ಲ. ಇವರನ್ನು ಪಾರು ಮಾಡಿದ ವಿಜ್ಞಾನಿ ಗುಂಡೇಟಿಗೆ ಬಲಿಯಾಗುತ್ತಾನೆ. ಸಾಯುವ ಮುಂಚೆ ಅಣುಬಾಂಬು ಸಿಡಿಸಿ ನೆಲೆಯನ್ನೇ ಉಡಾಯಿಸುತ್ತಾನೆ. ಆ ಸ್ಫೋಟದ ಶಕ್ತಿಯಿಂದಲೇ ರೋಬೋಟಿಗೆ ಜೀವ ಬರುತ್ತದೆ. ಅಣುಬಾಂಬು ಸಿಡಿದ ಜಾಗದ ಆಸುಪಾಸಿನಲ್ಲೇ ಇದ್ದ ಹುಡುಗನ ಕ್ರಾಪು ಕೂಡ ಕೆದರುವುದಿಲ್ಲ. ಜಾನಿಯನ್ನು ಯೂನಿಕಾರ್ನ್‌ಗೆ ಸೇರಿಸಿಕೊಂಡು ಯು-7 ಎಂದು ನಂಬರು ಕೊಡುತ್ತಾರೆ. ಶಾಲೆಯ ಟಿಸಿ ವಿಚಾರ ಯಾರೂ ಎತ್ತುವುದಿಲ್ಲ.

ನಾವು ನಕ್ಕಿದ್ದು ಕ್ರಾಪಿಗೆ. ಮಾಮನ ಆಕ್ಷೇಪಣೆ ಬೇರೆಯೇ ಇತ್ತು: "ಬ್ಲಾಸ್ಟಿಂಗ್‌ಗೆ ಮುಂಚೆ ಆಳುಗಳನ್ನ ಆಚೆ ಕಳಿಸ್ಬೇಕಲ್ವೇನ್ರಪ್ಪಾ? ಎಷ್ಟು ಜನ ಒಳಗಿದ್ರೋ!" ನಲವತ್ತು ವರ್ಷದಲ್ಲಿ ನಮಗೆ ಹೊಳೆಯದ ಪ್ರಶ್ನೆ ಅದು. ಅಷ್ಟು ದೊಡ್ಡ ರೋಬೋಟನ್ನು ಒಬ್ಬ ಡಾಕ್ಟರು ಒಬ್ಬಂಟಿಯಾಗಿ ಕಟ್ಟಿರಲಾರ. ಕಬ್ಬಿಣ ಹೊತ್ತವರು, ಬೆಸುಗೆ ಹಾಕಿದವರು, ಮೇಲೇರಿ ಬೋಲ್ಟ್ ಬಿಗಿದವರು ಇದ್ದೇ ಇರಬೇಕು. ಕಂತಿನಲ್ಲಿ ಅವರು ಯಾರೂ ಇಲ್ಲ.

ನಮ್ಮೂರಿನವರಿಗೆ ಇದು ತಟ್ಟನೆ ತಾಗುವುದಕ್ಕೆ ಕಾರಣವಿದೆ. ನಾವು ದೈತ್ಯ ಯಂತ್ರಗಳ ನಡುವೆಯೇ ಬೆಳೆದವರು. ಜಯಂಟ್ ರೋಬೋಟಿನ ತಲೆಯ ಮೇಲೆ ಈಜಿಪ್ಟಿನ ಫೇರೋಗಳ ಶಿರಸ್ತ್ರಾಣದಂಥದ್ದು ಇದೆ. ಕೆಜಿಎಫ್‌ನಲ್ಲಿ ಹೆಡ್‌ಗೇರ್ ಅಂದರೆ ಗಣಿಯ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರ, ಅದರ ತುದಿಯಲ್ಲಿ ತಿರುಗುವ ಭಾರಿ ಚಕ್ರ. ಆ ಚಕ್ರದಿಂದ ಇಳಿಬಿದ್ದ ಹಗ್ಗಕ್ಕೆ ಕಟ್ಟಿದ ಕೇಜಿನಲ್ಲಿ ಜನ ಭೂಮಿಯೊಳಗೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಈ ಯಂತ್ರಗಳಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಎಳೆದರು. ಬೆಂಗಳೂರಿನ ಬೀದಿದೀಪಕ್ಕೆ ಆ ಕರೆಂಟು ಸಿಕ್ಕಿದ್ದು ಇನ್ನೂ ಮೂರು ವರ್ಷ ಬಿಟ್ಟು. ಇದರ ಜೊತೆಗೆ 1964ರಲ್ಲಿ ಶುರುವಾದ ಬೆಮೆಲ್ ಇದೆ. ಅದರ ಗೇಟಿನಿಂದ ಬುಲ್ಡೋಜರ್ ಹೊರಬರುವುದನ್ನು ನೋಡಿದ ಮಕ್ಕಳಿಗೆ ಜಪಾನಿನ ರೋಬೋಟು ದೂರದ ನೆಂಟ ಅಷ್ಟೇ.

ಜಪಾನಿನ ನಂಟು ಬರೀ ಟಿವಿಯದೂ ಅಲ್ಲ. ಆ ಧಾರಾವಾಹಿ ಅಲ್ಲಿ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ, 1965ರಲ್ಲಿ, ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣ ಇಟ್ಟು ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಜಗತ್ತಿನ ಭೌತವಿಜ್ಞಾನದ ಇತಿಹಾಸದಲ್ಲಿ ಅದಕ್ಕೆ ಜಾಗವಿದೆ. ವಿಜ್ಞಾನಿಗಳ ಹೆಸರೂ ಇದೆ, ಇರಬೇಕಾದ್ದೇ. ಆದರೆ ಆ ಉಪಕರಣಗಳೇನು ತಾವಾಗಿ ಕೇಜು ಹತ್ತಿ ಕೆಳಗೆ ಹೋಗಲಿಲ್ಲ. ಬಿಸಿಗಲ್ಲಿನ ಸುರಂಗದಲ್ಲಿ ಅವನ್ನು ಸಾಗಿಸಲು ದಾರಿ ಮಾಡಿದವರ ಹೆಸರು ಯಾವ ಪುಸ್ತಕದಲ್ಲಿ ಹುಡುಕೋಣ?

ಮೊದಲ ಕಂತಿನ ನಿಜವಾದ ಕತೆ ಇದೇ ಎಂದು ನಮಗೀಗ ಅನಿಸುತ್ತದೆ. ಯಂತ್ರ ಕಟ್ಟಿದವನು ಒಬ್ಬ, ಯಂತ್ರಕ್ಕೆ ಆಜ್ಞೆ ಕೊಡುವವನು ಇನ್ನೊಬ್ಬ. ಆಜ್ಞೆ ಕೊಡುವ ಹಕ್ಕು ಬಂದದ್ದು ಬುದ್ಧಿಯಿಂದಲೂ ಅಲ್ಲ, ಬೆವರಿನಿಂದಲೂ ಅಲ್ಲ. ವಾಚು ಕೈಯಲ್ಲಿದ್ದಾಗ ಮೊದಲು ಬಾಯಿ ತೆರೆದಿದ್ದರಿಂದ ಬಂತು.

ಕೆಜಿಎಫ್‌ನ ವಾಚು ಯಾರ ಯಾರ ಕೈಯಲ್ಲಿತ್ತು ನೋಡಿ. 1880ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಕೆಳಗಿಳಿದವರ ಪಾಲಿಗೆ ಉಳಿದದ್ದು ಲೈನು ಮನೆ, ರಾಕ್ ಬರ್ಸ್ಟ್ ಆದಾಗ ನಡುಗುವ ಗೋಡೆ, ಪುಪ್ಪುಸದಲ್ಲಿ ಕಲ್ಲಿನ ಪುಡಿ. ಅವರು ಬಾಯಿ ತೆರೆಯಲೇ ಇಲ್ಲ ಎಂದೇನೂ ಅಲ್ಲ. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮ ತಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಕೂತರು. ಜಯಂಟ್ ರೋಬೋಟು ಬೆರಳ ತುದಿಯಿಂದ ಕ್ಷಿಪಣಿ ಹಾರಿಸುತ್ತದೆ. ನಮ್ಮ ಹಿರಿಯರು ಬೆರಳನ್ನು ಕೊಡೆವು ಎಂದೇ ಗಣಿಯನ್ನು ನಡುಗಿಸಿದರು. ಆದರೂ ವಾಚು ಅವರ ಕೈಗೆ ಬರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ನಮ್ಮೂರಿನ ದೊಡ್ಡ ಉದ್ಯಮ ಎಂದರೆ ರೈಲು ಹತ್ತುವುದು. ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆ ದಾಟಿ, ಬೆಂಗಳೂರಿನಲ್ಲಿ ಇನ್ಯಾರದೋ ಯಂತ್ರ ನಡೆಸಿ, ರಾತ್ರಿ ಅದೇ ದಾರಿಯಲ್ಲಿ ವಾಪಸು. ಜಂಕ್ಷನ್ನಿನಲ್ಲಿ ಇಳಿದು ಒಂದು ಪ್ಲೇಟು ಬಂಗಾರಪೇಟೆ ಪಾನಿಪುರಿ ತಿನ್ನುವಷ್ಟು ಬಿಡುವು ಸಿಕ್ಕರೆ ಆ ದಿನ ಸಾರ್ಥಕ.

ಹಳೇ ಕತೆ ಈಗೇಕೆ ಅನ್ನಬೇಡಿ. ರೋಬೋಟು ಮತ್ತೆ ಎಚ್ಚರವಾಗುತ್ತಿದೆ. ಗಣಿಯಿಂದ ತೆಗೆದ ಅದಿರನ್ನು ಅರೆದು ಸಯನೈಡಿನಲ್ಲಿ ತೊಳೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಊರ ತುಂಬ ಗುಡ್ಡೆಗಳಾಗಿ ನಿಂತಿದೆ. ಸಿನಿಮಾದವರಿಗೆ ಅದು ಸೊಗಸಾದ ಲೊಕೇಶನ್ನು. 2018ರಲ್ಲಿ ಬಂದ 'ಕೆಜಿಎಫ್' ಸಿನಿಮಾ ನೋಡಿದವರು ರಾಕಿ ಭಾಯ್ ಮನೆ ಎಲ್ಲಿ ಎಂದು ನಮ್ಮನ್ನು ಕೇಳುತ್ತಾರೆ. ಆಷಾಢದ ಗಾಳಿಗೆ ಆ ಗುಡ್ಡೆಯ ಧೂಳು ಯಾರ ಅನ್ನದ ತಟ್ಟೆಗೆ ಬೀಳುತ್ತದೆ ಎಂದು ಕೇಳಿದವರು ಕಡಿಮೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು 1,003 ಎಕರೆಯಲ್ಲಿ ಹರಡಿರುವ ಇಂಥ 13 ಗುಡ್ಡೆಗಳನ್ನು ಮತ್ತೆ ಬಗೆದು ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ನಾವು ಇದಕ್ಕೆ ಅಡ್ಡ ಬರುವವರಲ್ಲ. ಊರಿಗೆ ಕೆಲಸ ಬರುತ್ತದೆ ಅಂದರೆ ಬೇಡ ಅನ್ನುವಷ್ಟು ಹೊಟ್ಟೆ ತುಂಬಿದವರು ಇಲ್ಲಿ ಯಾರಿದ್ದಾರೆ? 'ಮೊದಲು ಕೆಲಸ ಬರಲಿ, ತಕರಾರು ಆಮೇಲೆ ತೆಗೆಯಿರಿ' ಎನ್ನುವ ಹಿರಿಯರ ಮಾತಿನಲ್ಲೂ ನೋವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಜಾನಿಯ ವಾಚು ಕಲಿಸಿದ ಪಾಠವೇ ಅದು. ಆಮೇಲೆ ಆಡಿದ ಮಾತನ್ನು ಈ ಜಾತಿಯ ಯಂತ್ರಗಳು ಕೇಳಿಸಿಕೊಳ್ಳುವುದಿಲ್ಲ. ಟೆಂಡರಿನ ಷರತ್ತು ಬರೆದು, ಸಹಿ ಬಿದ್ದು, ಜೆಸಿಬಿ ಬಂದು ನಿಂತ ಮೇಲೆ ನಾವು ಮಣಿಕಟ್ಟಿಗೆ ಬಾಯಿಟ್ಟು ಎಷ್ಟು ಕೂಗಿದರೂ ಅದು ಬಾಲ್ ಪೆನ್ನಿನ ವಾಚೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಷರತ್ತು ಬರೆಯುವ ಮುಂಚೆ ಲೈನುಗಳಿಗೆ ಬಂದು ಕೂತು ಕೇಳಿ. ತಮಿಳಿನಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿ, ಡಬ್ ಮಾಡಿದ ಇಂಗ್ಲಿಷಿನಲ್ಲಿ ಬೇಡ. ಗುಡ್ಡೆ ಅಗೆಯುವಾಗ ಏಳುವ ಧೂಳನ್ನು ಹೇಗೆ ತಡೆಯುತ್ತೀರಿ? ಸಯನೈಡ್ ನೀರು ಕೆರೆಗೆ, ಕೊಳವೆಬಾವಿಗೆ ಇಳಿಯದಂತೆ ಏನು ಮಾಡುತ್ತೀರಿ? ಗಣಿಗಾರ್ಮಿಕರ ಮಕ್ಕಳಿಗೆ ಎಷ್ಟು ಕೆಲಸ, ಅದೂ ಕಂಟ್ರಾಕ್ಟಿನ ಕೂಲಿಯೋ, ನೆಟ್ಟಗಿನ ಸಂಬಳವೋ? ಚಿನ್ನ ತೆಗೆದು ಮುಗಿದ ಮೇಲೆ ಆ ಸಾವಿರ ಎಕರೆ ಯಾರದು? ಈ ಉತ್ತರಗಳು ಕಾಗದದ ಮೇಲೆ ಮೊದಲು ಬರಲಿ, ಆಮೇಲೆ ಯಂತ್ರ ಬರಲಿ. ಪತ್ರಿಕೋದ್ಯಮ ಓದಿದ ನಮ್ಮಂಥವರ ಕೆಲಸವೂ ಇದೇ. ಹೊಸ ಚಿನ್ನದ ಕನಸಿನ ಸುದ್ದಿ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಗುಡ್ಡೆಯ ಬುಡದ ಮನೆಯವರ ದನಿಯನ್ನು ಮೊದಲು ದಾಖಲಿಸುವವರು ಬೇಕು.

ಧಾರಾವಾಹಿಯ 26ನೇ ಕಂತು ನೆನಪಿರುವವರಿಗೆ ಕೊನೆ ಗೊತ್ತು. ಗಿಲೊಟಿನ್‌ನನ್ನು ಅಪ್ಪಿಕೊಂಡು ರೋಬೋಟು ಆಕಾಶಕ್ಕೆ ಹಾರುತ್ತದೆ. ವಾಪಸು ಬಾ ಎಂದು ಜಾನಿ ವಾಚಿನಲ್ಲಿ ಕೂಗುತ್ತಾನೆ. ಅಷ್ಟು ಕಂತು ಅವನೊಬ್ಬನ ಮಾತನ್ನೇ ಕೇಳಿದ ಯಂತ್ರ ಅವತ್ತು ಮಾತ್ರ ಕೇಳುವುದಿಲ್ಲ. ತಾನು ನಾಶವಾಗಿ ಊರನ್ನು ಉಳಿಸುತ್ತದೆ. ನಾವು ಅತ್ತ ಕಂತು ಅದು. ಟಿವಿಯ ರೋಬೋಟಿಗೆ ಕೊನೆಗಾದರೂ ಮನಸ್ಸು ಬಂತು. ಟೆಂಡರಿಗೆ ಬರುವುದಿಲ್ಲ. ಅದಕ್ಕೆ ಏನು ಹೇಳಬೇಕೋ ಮೊದಲೇ ಹೇಳಬೇಕು.